ಅತ್ತೆ, ಮಗಳು ಮತ್ತು ನಮ್ಮ ಬೂತ್: ಐದಕ್ಕೆ ನಾಲ್ಕು

ಬೂತಿನ ವೀಲ್‌ಚೇರಿಗೆ ಬ್ರೇಕ್ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಐದರಲ್ಲಿ ನಾಲ್ಕು ಕೊಟ್ಟು ಉಳಿದ ಒಂದನ್ನು ಯಾಕೆ ಇಟ್ಟುಕೊಂಡೆ ಅಂತ ಕೇಳುತ್ತೀರಿ. ಇಳಿಜಾರಿನಲ್ಲಿ ನನ್ನ ಮಗಳು ಚಪ್ಪಲಿ ಊರಿ, ಎರಡೂ ಕೈಯಲ್ಲಿ ಕುರ್ಚಿ ತಡೆದು ಹಿಡಿದಿದ್ದಳು. ಅದರಲ್ಲಿ ಕೂತಿದ್ದ ಎಂಬತ್ತೇಳು ವರ್ಷದ ಅಜ್ಜಿ ಮಾತ್ರ ತೇರಿನ ಮೇಲೆ ಬಂದವರಂತೆ ಸಾಲಿನಲ್ಲಿದ್ದವರಿಗೆಲ್ಲ ಕೈ ಬೀಸುತ್ತಿದ್ದರು.

ಮಿಕ್ಸರ್ ಕೊಂಡರೆ ಅದರ ಬಗ್ಗೆ ಬರೆಯುತ್ತೇವೆ. ಕುಂದಾ ಯಾವ ಅಂಗಡಿಯದು ಚಲೋ ಅಂತ ಜಗಳಾಡುತ್ತೇವೆ. ಮತಗಟ್ಟೆ ಬಗ್ಗೆ ಯಾರೂ ಬರೆಯುವುದಿಲ್ಲ. ಅದೂ ಒಂದು ಸೇವೆಯೇ ಅಲ್ವಾ? ಹಾಗಾಗಿ ಇದು 2024ರ ಮೇ 7ರಂದು, ಲೋಕಸಭೆ ಚುನಾವಣೆಯಲ್ಲಿ, ಬೆಳಗಾವಿಯ ಕ್ಯಾಂಪ್ ಕಡೆಯ ಒಂದು ಶಾಲೆಯಲ್ಲಿ ನಮಗೆ ಸಿಕ್ಕ ಸೇವೆಯ ವಿಮರ್ಶೆ. ಶಾಲೆಯ ಹೆಸರು ಬೇಡ. ಬ್ರೇಕ್ ಇಲ್ಲದ್ದಕ್ಕೆ ಹೆಡ್‌ಮಾಸ್ತರರು ಏನು ಮಾಡಿಯಾರು?

ನನ್ನ ಬಗ್ಗೆ ಸ್ವಲ್ಪ. ನಾನು ಮುದಗಲ್ಲಿನವಳು. ನಮ್ಮ ಕಡೆ ಕಥೋಲಿಕರ ಮನೆಯಲ್ಲಿ ಜಪಸರವೂ ಕನ್ನಡ, ಜಗಳವೂ ಕನ್ನಡ. ಮದುವೆಯಾಗಿ ಬೆಳಗಾವಿಗೆ ಬಂದ ಮೇಲೆ ಮನೆಯೊಳಗೆ ಕೊಂಕಣಿ, ಕಾಯಿಪಲ್ಲೆ ತರುವಾಗ ಮರಾಠಿ, ಮಕ್ಕಳ ಶಾಲೆಯಲ್ಲಿ ಇಂಗ್ಲಿಷ್. ಅತ್ತೆಯನ್ನು ಎಲ್ಲರೂ ಮಾಯ್ ಅಂತ ಕರೆಯುತ್ತೇವೆ. ಅವರಿಗೆ ಇಪ್ಪತ್ತೊಂದು ವರ್ಷ ಆದ ಮೇಲೆಯೇ ವೋಟು ಸಿಕ್ಕಿದ್ದು, ಆಗ ಕಾನೂನು ಹಾಗಿತ್ತು. ಮೊದಲು ಹಾಕಿದ್ದು 1962ರಲ್ಲಿ. ಬೆರಳಿಗೆ ಮೈಸೂರಿನ ಶಾಯಿ ಹಚ್ಚುವುದು ಶುರುವಾದದ್ದೂ ಅದೇ ಚುನಾವಣೆಯಲ್ಲಿ. ಆ ಶಾಯಿ ಮಾಡುವ ಮೈಸೂರು ಪೇಂಟ್ಸ್ ಕಾರ್ಖಾನೆ ಹುಟ್ಟಿದ್ದು 1937ರಲ್ಲಿ, ಮಾಯ್ ಹುಟ್ಟಿದ್ದೂ 1937ರಲ್ಲಿ. ಇದನ್ನು ಮಗಳು ಓದಿ ಹೇಳಿದಾಗಿನಿಂದ ಆ ಕಾರ್ಖಾನೆ ತಮ್ಮದೇ ಅನ್ನುವ ಹಾಗೆ ಮಾತಾಡುತ್ತಾರೆ.

ಈಗ ಮಗಳ ಹೆಸರು ಸೇರಿಸಿದ ಕಥೆ. ಅವಳಿಗೆ ಹದಿನೆಂಟು ತುಂಬಿದ್ದು ಫೆಬ್ರುವರಿಯಲ್ಲಿ. ಮೊದಲೆಲ್ಲ ಜನವರಿ 1ಕ್ಕೆ ಹದಿನೆಂಟು ಆಗಿರದಿದ್ದರೆ ಆ ವರ್ಷ ಸುಮ್ನೆ ಕೂರಬೇಕಿತ್ತು. ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಲೆಕ್ಕಕ್ಕೆ ಬರುತ್ತವೆ. ಹದಿನೇಳು ಆದ ಮೇಲೆ ಮುಂಗಡ ಅರ್ಜಿಯನ್ನೂ ಹಾಕಬಹುದು. ಇದು ನನಗೆ ಗೊತ್ತಿರಲಿಲ್ಲ, ಮನೆಗೆ ಬಂದ ಬಿಎಲ್ಓ ಅಕ್ಕ, ಅಂದರೆ ನಮ್ಮ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವವರು, ಹೇಳಿದರು. ಹೆಸರು ಸೇರಿಸುವ ಫಾರ್ಮ್ 6ಕ್ಕೆ ದುಡ್ಡು ಇಲ್ಲ, ಮೊಬೈಲಿನಲ್ಲೇ ತುಂಬಬಹುದು. ನನಗೆ ಧೈರ್ಯ ಸಾಲದೆ ಒಂದು ನೆಟ್ ಸೆಂಟರಿಗೆ ಹೋಗಿ ಐವತ್ತು ರೂಪಾಯಿ ಕೊಟ್ಟೆ. ಆ ಐವತ್ತಕ್ಕೆ ಸಿಕ್ಕಿದ್ದು ಏನು ಗೊತ್ತಾ?

ನಮ್ಮ ಅಡ್ಡಹೆಸರನ್ನು ಇಲ್ಲಿ ಬರೆಯುವುದಿಲ್ಲ. ಡಿಸೋಜಾ ಥರದ್ದು ಅಂದುಕೊಳ್ಳಿ. ಇಂಗ್ಲಿಷಿನಲ್ಲಿ ಮಧ್ಯೆ ಒಂದು ಗೀಟು ಬರುತ್ತದೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕನ್ನಡ ತಾನಾಗಿಯೇ ಪಕ್ಕದಲ್ಲಿ ಮೂಡುತ್ತದೆ. ಹಾಗೆ ಮೂಡಿದ್ದು ‘ದ ಸೌಜ’ ಅನ್ನುವ ಹಾಗಿನ ಏನೋ ಒಂದು. ನೆಟ್ ಸೆಂಟರಿನ ಹುಡುಗ ನೋಡಲಿಲ್ಲ. ನಾನೂ ನೋಡಲಿಲ್ಲ, ಇಂಗ್ಲಿಷ್ ಕಡೆ ಮಾತ್ರ ಕಣ್ಣಾಡಿಸಿದೆ. ಕನ್ನಡದಲ್ಲಿ ಜಪ ಕಲಿತವಳು, ಕನ್ನಡದ ಕಡೆಯನ್ನೇ ಬಿಟ್ಟೆ. ಹಿಡಿದದ್ದು ಪರಿಶೀಲನೆಗೆ ಬಂದ ಅದೇ ಬಿಎಲ್ಓ ಅಕ್ಕ. ಅವರು ಅಂಗನವಾಡಿ ಕಾರ್ಯಕರ್ತೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಟ್ಟಿನ ಪ್ಯಾಡ್ ಹಿಡಿದು ಬಾಗಿಲಲ್ಲೇ ನಿಂತು ನಕ್ಕರು. ‘ಅಕ್ಕಾರ, ನಿಮ್ಮ ಹುಡುಗಿ ಯಾವ ಮಂದ್ಯಾಕೀರಿ? ಹೆಸರು ಹಿಂಗ್ಯಾಕ ಐತಿ?’ ಮತ ಹಾಕಲು ಅಡ್ಡಿ ಇಲ್ಲ, ಫೋಟೋ ಮತ್ತು ಬಾಕಿ ವಿವರ ಸರಿ ಇವೆ, ಆಮೇಲೆ ಫಾರ್ಮ್ 8 ಹಾಕಿ ತಿದ್ದಿಸಿ ಅಂದರು. ಕಾರ್ಡ್ ಅಂಚೆಯಲ್ಲಿ ಮನೆಗೇ ಬಂತು. ಮಗಳು ಅದನ್ನು ಗೆಳತಿಯರಿಗೆ ತೋರಿಸಿ ತಿಂಗಳುಗಟ್ಟಲೆ ನಕ್ಕಳು. ಬಿಎಲ್ಓ ಅಕ್ಕನಿಗೆ ಮಾತ್ರ ಬೇರೆಯಾಗಿಯೇ ಐದಕ್ಕೆ ಐದು. ನಮ್ಮ ಓಣಿಯ ಮೂರು ಮಹಡಿ ಮನೆಗಳನ್ನೆಲ್ಲ ಆ ಬಿಸಿಲಲ್ಲಿ ಹತ್ತಿ ಇಳಿದವರು ಅವರು. ಒಂದು ಲೋಟ ಮಜ್ಜಿಗೆ ಕೊಟ್ಟರೆ ನಿಂತೇ ಕುಡಿದು ಹೋದರು.

ಅದೇ ಅಕ್ಕ ಮಾಯ್‌ಗಾಗಿ ಇನ್ನೊಂದು ಫಾರ್ಮ್ ತಂದಿದ್ದರು, 12ಡಿ. ಎಂಬತ್ತೈದು ದಾಟಿದವರು ಅದನ್ನು ತುಂಬಿ ಕೊಟ್ಟರೆ ಅಧಿಕಾರಿಗಳು ಮನೆಗೇ ಬಂದು ಅಂಚೆ ಮತಪತ್ರದಲ್ಲಿ ಮತ ಹಾಕಿಸಿಕೊಂಡು ಹೋಗುತ್ತಾರೆ. ಜೊತೆಗೆ ಪೊಲೀಸ್ ಇರುತ್ತಾರೆ, ವಿಡಿಯೋ ಮಾಡುವವರು ಇರುತ್ತಾರೆ. ಹಿಂದಿನ ವರ್ಷ ವಿಧಾನಸಭೆ ಚುನಾವಣೆಯಲ್ಲಿ ಎಂಬತ್ತಕ್ಕೇ ಈ ಸೌಲಭ್ಯ ಇತ್ತು. ಒಳ್ಳೆಯ ಸೇವೆ, ಹಾಸಿಗೆ ಹಿಡಿದವರಿಗೆ ವರ. ಒಮ್ಮೆ ಒಪ್ಪಿ ಹೆಸರು ಬರೆಸಿದರೆ ಆಮೇಲೆ ಬೂತಿಗೆ ಹೋಗಿ ಹಾಕುವ ಹಾಗಿಲ್ಲ, ಅದೊಂದು ನೆನಪಿಡಿ. ನಾನು ಪೆನ್ನು ತೆಗೆದೇಬಿಟ್ಟಿದ್ದೆ. ನನ್ನ ಸೊಂಟದ ಬಗ್ಗೆಯೂ ಸ್ವಲ್ಪ ಯೋಚನೆ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಮಾಯ್ ಕಾಗದವನ್ನು ಮಡಚಿ ಅಕ್ಕನ ಪ್ಯಾಡಿನ ಮೇಲೆ ವಾಪಸ್ ಇಟ್ಟರು. ‘ಕೊರೋನಾದಾಗ ಟಿವಿಯಾಗ ಪೂಜಾ ನೋಡಿ ನೋಡಿ ಸಾಕಾಗೇತಿ. ಈಗ ವೋಟೂ ಮನ್ಯಾಗ? ನಾ ಹೋಗಿ ಶಿಕ್ಕಾ ಹೊಡೀತೀನಿ.’ ಮತಪತ್ರದ ಮೇಲೆ ಶಿಕ್ಕಾ, ಅಂದರೆ ಮುದ್ರೆ, ಹೊಡೆಯುವ ಕಾಲ ಹೋಗಿ ಮಷಿನ್ ಬಂದು ಎಷ್ಟೋ ವರ್ಷ ಆಯ್ತು. ಅವರ ಬಾಯಲ್ಲಿ ಇನ್ನೂ ಶಿಕ್ಕಾನೇ. ಅದಕ್ಕೆ ಕಾರಣವೂ ಇದೆ. 1996ರಲ್ಲಿ ನಮ್ಮ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ 456 ಜನ ನಿಂತಿದ್ದರು. ನಾಲ್ಕುನೂರ ಐವತ್ತಾರು! ಠೇವಣಿ ಆಗ ಬರೀ ಐದುನೂರು ರೂಪಾಯಿ. ಆಮೇಲೆ ಅದನ್ನು ಹತ್ತು ಸಾವಿರಕ್ಕೆ ಏರಿಸಿದರು. ಆ ದಿನ ತಾನು ಕಾಗದದ ಮತಪತ್ರದಲ್ಲಿ ಚಿಹ್ನೆ ಹುಡುಕಿ ಹುಡುಕಿ ಸುಸ್ತಾಗಿ, ಕನ್ನಡಕ ಮರೆತ ಹಿಂದಿನ ಹೆಂಗಸಿಗೂ ತನ್ನ ಕನ್ನಡಕ ಕೊಟ್ಟು ಬಂದೆ ಅಂತ ಮಾಯ್ ಹೇಳುತ್ತಾರೆ. ಆ ಕನ್ನಡಕ ವಾಪಸ್ ಬಂತಾ ಅಂತ ಕೇಳಿದರೆ ಮಾತು ಬದಲಿಸುತ್ತಾರೆ.

ಏಪ್ರಿಲ್ ತಿಂಗಳ ಭಾನುವಾರಗಳಲ್ಲಿ ಬಲಿಪೂಜೆ ಮುಗಿದ ಮೇಲೆ ಚರ್ಚ್ ಅಂಗಳದ ಮರದ ಕೆಳಗೆ ನಾವು ತಾಯಂದಿರು ನಿಲ್ಲುತ್ತಿದ್ದೆವು. ಮಕ್ಕಳು ಧರ್ಮೋಪದೇಶದ ತರಗತಿಯಿಂದ ಹೊರಬರುವ ತನಕ ಮುಕ್ಕಾಲು ಗಂಟೆ. ಸಾಮಾನ್ಯವಾಗಿ ಫೀಸು, ಮಾರ್ಕ್ಸು, ಯಾರ ಮದುವೆ ಅಂತ ಮಾತು. ಆ ತಿಂಗಳು ಬರೀ ವೋಟು. ಅದಕ್ಕೂ ಮೊದಲು ಮಾರ್ಚ್ 22ರ ಶುಕ್ರವಾರ ದೇಶಕ್ಕಾಗಿ ಉಪವಾಸ ಪ್ರಾರ್ಥನೆ ಮಾಡಿ ಅಂತ ಭಾರತದ ಧರ್ಮಾಧ್ಯಕ್ಷರ ಮಂಡಳಿ ಕರೆ ಕೊಟ್ಟಿತ್ತು. ಫಾದರ್ ಪೀಠದಿಂದ ಹೇಳಿದ್ದು ಎರಡೇ ಮಾತು, ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳಿ, ಹೋಗಿ ಮತ ಹಾಕಿ. ಯಾರಿಗೆ ಅಂತ ಹೇಳಲಿಲ್ಲ, ಹೇಳಬಾರದು ಕೂಡ. ಧರ್ಮದ ಹೆಸರಲ್ಲಿ ಮತ ಕೇಳುವುದು ಈ ದೇಶದ ಚುನಾವಣಾ ಕಾನೂನಿನಲ್ಲಿ ಭ್ರಷ್ಟ ಆಚರಣೆ. ಚರ್ಚಿನ ಕಾನೂನು ಗುರುಗಳಿಗೆ ಅಧಿಕಾರದ ಕುರ್ಚಿ ಹತ್ತಲೂ ಬಿಡುವುದಿಲ್ಲ. ನನಗೆ ಅದು ಸರಿ ಅನ್ನಿಸುತ್ತದೆ. ಅಂಗಳದಲ್ಲಿ ನಿಂತವರಿಗೆ ಅಂಥ ಕಟ್ಟು ಇಲ್ಲವಲ್ಲ, ಅಲ್ಲಿ ಎಲ್ಲ ಬಿಚ್ಚಿ ಮಾತಾಡಿದೆವು.

ನಮ್ಮಲ್ಲಿ ಒಬ್ಬರು ಶಿಕ್ಷಕಿ. ಕ್ಯಾಟೆಕಿಸಂ, ಅಂದರೆ ನಮ್ಮ ಚರ್ಚಿನ ಬೋಧನೆಯ ಪುಸ್ತಕ, ಅದರ 2240ನೇ ಪ್ಯಾರಾ ಮೊಬೈಲಿನಲ್ಲಿ ತೆಗೆದು ತೋರಿಸಿದರು. ತೆರಿಗೆ ಕಟ್ಟುವುದು, ಮತ ಹಾಕುವುದು, ದೇಶ ಕಾಯುವುದು, ಮೂರೂ ನೈತಿಕ ಕರ್ತವ್ಯ ಅಂತ ಒಂದೇ ವಾಕ್ಯದಲ್ಲಿದೆ. ‘ಹಾಗಾದ್ರೆ ಹಾಕದಿದ್ದರೆ ಪಾಪನಿವೇದನೆಯಲ್ಲಿ ಹೇಳಬೇಕಾ?’ ಅಂತ ಒಬ್ಬಳು ಕೇಳಿದಳು. ‘ಮೊದಲು ತೆರಿಗೆ ಹೇಳು, ಆಮೇಲೆ ವೋಟು’ ಅಂತ ಇನ್ನೊಬ್ಬಳು. ಎಲ್ಲರೂ ನಕ್ಕೆವು. ಅವಳ ಗಂಡನಿಗೆ ಪೇಟೆಯಲ್ಲಿ ಅಂಗಡಿ ಇದೆ.

ನಗು ನಿಂತ ಮೇಲೆ ಒಬ್ಬಳು ಮೆಲ್ಲಗೆ ಹೇಳಿದಳು: ‘ನಾವು ಎಷ್ಟು ಮಂದಿ ಅಂತ? ನಮ್ಮ ವೋಟು ಯಾರ ಲೆಕ್ಕಕ್ಕ?’ 2011ರ ಜನಗಣತಿ ಪ್ರಕಾರ ಇಡೀ ಕರ್ನಾಟಕದಲ್ಲಿ ಎಲ್ಲ ಪಂಗಡದ ಕ್ರೈಸ್ತರು ಸೇರಿ ಶೇ. 1.87. ಅವಳ ಮಾತಿನ ಹಿಂದೆ ಏನಿದೆ ಅಂತ ನಮಗೆಲ್ಲ ಗೊತ್ತಿತ್ತು. 2021ರ ಡಿಸೆಂಬರ್ 23ರಂದು ಮತಾಂತರ ತಡೆಯುವ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿದ್ದು ಇದೇ ಊರಿನ ಸುವರ್ಣ ವಿಧಾನಸೌಧದಲ್ಲಿ. ಕ್ರಿಸ್ಮಸ್‌ಗೆ ಎರಡು ದಿನ ಇತ್ತು. ನಾನು ಕರಿಗಡಬು ಕರಿಯುತ್ತಿದ್ದೆ, ಟಿವಿ ನೋಡುತ್ತ ಒಂದು ಘಾಣ ಪೂರ್ತಿ ಸೀದು ಹೋಯಿತು. ಆಗ ನಮ್ಮಲ್ಲಿ ಸಿಟ್ಟು ಬಂದವರಿದ್ದರು, ಹೆದರಿದವರಿದ್ದರು, ಇದಕ್ಕೂ ನಮಗೂ ಏನು ಅಂದವರೂ ಇದ್ದರು. ಮರದ ಕೆಳಗೂ ಎಲ್ಲರ ಮಾತು ಒಂದೇ ಆಗಿರಲಿಲ್ಲ. ಒಬ್ಬರಿಗೆ ತಿಂಗಳ ಎರಡು ಸಾವಿರದ ಗೃಹಲಕ್ಷ್ಮಿ ಮುಖ್ಯ. ಒಬ್ಬರಿಗೆ ಬಿ.ಇ. ಮುಗಿಸಿ ಮನೆಯಲ್ಲಿ ಕೂತ ಮಗ ಮುಖ್ಯ. ಒಬ್ಬರು ನಳದ ನೀರಿನ ಬಗ್ಗೆ ಕಾಲು ಗಂಟೆ ಮಾತಾಡಿದರು. ಅದು ಪಾಲಿಕೆ ಚುನಾವಣೆಗೆ ಇಟ್ಟುಕೊಳ್ಳಿ ಅಂದರೆ, ‘ನೀರಿಗೇನು ಗೊತ್ತು ಇದು ಯಾವ ಚುನಾವಣೆ ಅಂತ’ ಅಂದುಬಿಟ್ಟರು.

ನನ್ನ ಚಿಂತೆ ಬೇರೆ ಇತ್ತು. ನಾನು ಮೊದಲ ಸಲ ಮತ ಹಾಕಿದ್ದು ಮುದಗಲ್ಲಿನಲ್ಲಿ, ಅಪ್ಪ ಹೇಳಿದ ಚಿಹ್ನೆಗೆ. ಮದುವೆಯಾದ ಮೇಲೆ ಗಂಡ ಹೇಳಿದ್ದಕ್ಕೆ. ಯಾರೂ ಜೋರು ಮಾಡಲಿಲ್ಲ, ನಾನೇ ಕೇಳುತ್ತಿದ್ದೆ. ‘ಈ ಸಲ ಯಾರಿಗ್ರೀ?’ ಅಂತ, ಸಂತೆಗೆ ಹೊರಟಾಗ ಏನು ತರಲಿ ಅಂತ ಕೇಳಿದ ಹಾಗೆ. ಈಗ ಮಗಳು ರೊಟ್ಟಿ ತಿನ್ನುತ್ತ ‘ಮಮ್ಮಿ, ಯಾರಿಗೆ ಹಾಕಲಿ?’ ಅಂದಳು. ಉತ್ತರ ನಾಲಿಗೆ ತುದಿಗೆ ಬಂದಿತ್ತು. ಶಿಲುಬೆಯ ಗುರುತು ಹಾಕೋದರಿಂದ ಹಿಡಿದು ಸೀರೆ ಉಡೋದರ ತನಕ ಎಲ್ಲ ಹೇಳಿಕೊಟ್ಟವಳು ನಾನು. ಇದನ್ನೂ ಹೇಳಿದರೆ ಏನಾಯ್ತು? ಆದರೆ ಅಪ್ಪ ಹೇಳಿದ ಆ ಚಿಹ್ನೆ ನೆನಪಾಯಿತು. ಯಾಕೆ ಅದಕ್ಕೇ ಹಾಕಿದೆ ಅಂತ ಇವತ್ತು ಕೇಳಿದರೂ ನನ್ನ ಹತ್ತಿರ ಕಾರಣ ಇಲ್ಲ. ‘ತಟ್ಟೆ ತೊಳೆದು ಬಾ, ನೋಡೋಣ’ ಅಂದೆ.

ಆ ದಿನಗಳಲ್ಲಿ ಬಳಸಿದ ಇನ್ನೊಂದು ಸೇವೆಗೂ ಇಲ್ಲೇ ಒಂದು ಮಾತು. ಅಭ್ಯರ್ಥಿಗಳು ನಾಮಪತ್ರದ ಜೊತೆ ಕೊಡುವ ಅಫಿಡವಿಟ್ ಇರುತ್ತದಲ್ಲ, ಅದನ್ನು ಚುನಾವಣಾ ಆಯೋಗದ ಆ್ಯಪಿನಲ್ಲಿ ಯಾರು ಬೇಕಾದರೂ ಓದಬಹುದು. ಆಸ್ತಿ, ಸಾಲ, ಓದು, ಮೇಲಿರುವ ಕ್ರಿಮಿನಲ್ ಪ್ರಕರಣಗಳು ಎಲ್ಲ ಇರುತ್ತವೆ. ಇದನ್ನೆಲ್ಲ ಮತದಾರರಿಗೆ ಹೇಳಲೇಬೇಕು ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದದ್ದು. ಅಮ್ಮ ಮಗಳು ಎರಡು ರಾತ್ರಿ ಕೂತು ಓದಿದೆವು. ಕೆಲವು ಸ್ಕ್ಯಾನ್ ಮಾಡಿದ ಕೈಬರಹ, ಓದಲು ಕಷ್ಟ. ಆದರೆ ಧಾರಾವಾಹಿಗಿಂತ ಚೆನ್ನಾಗಿದೆ, ಸುಳ್ಳಲ್ಲ. ಹೆಂಡತಿಯ ಹೆಸರಲ್ಲಿ ಎಷ್ಟು ಚಿನ್ನ ಅನ್ನುವ ಸಾಲು ಬಂದಾಗಲೆಲ್ಲ ಮಾಯ್ ಹಾಸಿಗೆಯಿಂದಲೇ ‘ಎಷ್ಟು ತೊಲಿ?’ ಅಂತ ಕೂಗುತ್ತಿದ್ದರು. ಮಗಳು ಒಂದು ನೋಟ್‌ಬುಕ್‌ನಲ್ಲಿ ಏನೋ ಬರೆದುಕೊಂಡಳು. ನನಗೆ ತೋರಿಸಲಿಲ್ಲ.

ಮೇ 7, ಮಂಗಳವಾರ. ಏಳಕ್ಕೆ ಮತದಾನ ಶುರು, ನಾವು ಏಳೂ ಕಾಲಿಗೆ ಹೋದೆವು. ಹತ್ತರ ಮೇಲೆ ಆ ಬಿಸಿಲಲ್ಲಿ ಮಾಯ್‌ಯನ್ನು ಕರೆದೊಯ್ಯುವ ಹಾಗಿರಲಿಲ್ಲ. ಗೇಟಿನಿಂದ ನೂರು ಮೀಟರ್ ದೂರದಲ್ಲಿ ಬಿಳಿ ಗೆರೆ. ಅದರಾಚೆ ಪಕ್ಷದವರ ಮೇಜುಗಳು, ಈಚೆ ಏನೂ ಇಲ್ಲ. ಮೊಬೈಲ್ ಒಳಗೆ ಬಿಡಲಿಲ್ಲ, ಇಡಲು ಜಾಗವೂ ಇರಲಿಲ್ಲ. ನನ್ನ ಗಂಡ ಗೆರೆಯ ಹತ್ತಿರ ನಿಂತು ಮನೆಯವರದ್ದು, ಪಕ್ಕದ ಮನೆಯವರದ್ದು ಸೇರಿ ಏಳು ಫೋನ್ ಹಿಡಿದಿದ್ದರು, ಮೊಬೈಲ್ ಅಂಗಡಿ ಇಟ್ಟವರ ಹಾಗೆ. ಅಲ್ಲೊಂದು ಕಟ್ಟೆ, ಒಂದು ಟೋಕನ್ ಇದ್ದಿದ್ದರೆ ಆ ಒಂದು ಸ್ಟಾರಿನಲ್ಲಿ ಅರ್ಧ ವಾಪಸ್ ಕೊಡುತ್ತಿದ್ದೆ.

ನೆರಳಿಗೆ ಶಾಮಿಯಾನ ಇತ್ತು. ಕೊಡದಲ್ಲಿ ನೀರು, ಮೇಲೆ ತಟ್ಟೆ ಮುಚ್ಚಿ ಸ್ಟೀಲ್ ಲೋಟ. ಗಂಡಸರಿಗೆ ಒಂದು ಸಾಲು, ಹೆಂಗಸರಿಗೆ ಒಂದು. ವಯಸ್ಸಾದವರನ್ನು ನೇರ ಒಳಗೆ ಬಿಟ್ಟರು. ಕೂಸು ಎತ್ತಿಕೊಂಡ ಒಬ್ಬಳು ನನ್ನ ಮುಂದೆ ಸಾಲಿನಲ್ಲೇ ನಿಂತಿದ್ದಳು, ಅವಳನ್ನು ಮುಂದೆ ಹೋಗು ಅಂದದ್ದು ಸಿಬ್ಬಂದಿಯಲ್ಲ, ಸಾಲಿನಲ್ಲಿದ್ದ ಬುರ್ಖಾದ ಹುಡುಗಿ. ಕೆಲವು ಕಡೆ ಹೆಂಗಸರಿಗೆ ಅಂತಲೇ ಸಖಿ ಬೂತ್ ಮಾಡುತ್ತಾರೆ, ಗುಲಾಬಿ ಬಲೂನು, ಗುಲಾಬಿ ಪರದೆ. ನನಗೆ ಬಲೂನು ಬೇಡ. ಸಾಲಿನುದ್ದಕ್ಕೂ ಹತ್ತು ಬೆಂಚು ಹಾಕಿಸಿ, ಸಾಕು. ಶಾಲೆಯ ತುಂಬ ಬೆಂಚೇ ಇರುತ್ತವೆ.

ಒಳಗಿನ ಸೇವೆಗೆ ನನ್ನ ನಾಲ್ಕು ಸ್ಟಾರಿನ ಮೂರು ಹೋಗಬೇಕು. ಮಾಯ್ ಮರಾಠಿ ಶಾಲೆ ಕಲಿತವರು, ರಿಜಿಸ್ಟರಿನಲ್ಲಿ ದೇವನಾಗರಿಯಲ್ಲಿ ನಿಧಾನಕ್ಕೆ ಸಹಿ ಬರೆದರು. ಮೇಲಿನ ಗೆರೆ ಎಳೆಯುವ ತನಕ ಯಾರೂ ಅವಸರ ಮಾಡಲಿಲ್ಲ. ಅವರಿಗೆ ಒಂದು ಕಣ್ಣಿನಲ್ಲಿ ಪೊರೆ. ಇದನ್ನು ನೋಡಿದ ಅಧಿಕಾರಿ, ಚಿಹ್ನೆ ಕಾಣದಿದ್ದರೆ ಹದಿನೆಂಟು ದಾಟಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು, ಅವರು ಗುಟ್ಟು ಕಾಯುತ್ತೇನೆ ಅಂತ ಬರೆದುಕೊಡಬೇಕು ಅಂದರು. ಮಗಳು ಮುಂದೆ ಬಂದಳು. ಮಾಯ್ ಅವಳ ಕೈ ಬಿಡಿಸಿಕೊಂಡರು.

‘ಪಾಪ ನಿವೇದನಾಕ್ಕೂ ಮೊಮ್ಮಗಳನ್ನ ಕರ್ಕೊಂಡು ಹೋಗ್ತಾರೇನ್ರೀ?’

ಅಧಿಕಾರಿಗೆ ಅರ್ಥ ಆಗಲಿಲ್ಲ. ನಾನು ನಕ್ಕುಬಿಟ್ಟೆ, ಆಮೇಲೆ ನಕ್ಕಿದ್ದಕ್ಕೆ ನಾಚಿಕೆ ಆಯ್ತು. ಆ ಮೂರು ಕಡೆ ಮುಚ್ಚಿದ ರಟ್ಟಿನ ಗೂಡು ಇದೆಯಲ್ಲ, ನಮ್ಮ ಚರ್ಚಿನ ಮೂಲೆಯ ಪಾಪನಿವೇದನೆ ಗೂಡಿನ ಥರವೇ ಇದೆ. ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಒಳಗೆ ಹೋಗುವವಳು ಒಬ್ಬಳೇ. ಹೊರಗೆ ನಿಂತವರು ಗಂಡನೇ ಆಗಲಿ ಫಾದರೇ ಆಗಲಿ ಅಲ್ಲೇ ನಿಲ್ಲಬೇಕು.

ಮಾಯ್ ಒಳಗೆ ಹೋದರು. ನಾವು ಕಾದೆವು. ಸದ್ದು ಬರಲಿಲ್ಲ. ಮತ್ತೆ ಕಾದೆವು. ರಟ್ಟಿನ ಕೆಳಗೆ ಅವರ ಬಿಳಿ ಕ್ಯಾನ್ವಾಸ್ ಬೂಟು ಮಾತ್ರ ಕಾಣುತ್ತಿತ್ತು, ತುದಿಗಾಲಲ್ಲಿ ನಿಂತಿದ್ದರು. ‘ಜೋರಾಗಿ ಒತ್ರಿ ಅಜ್ಜಿ’ ಅಂದರು ಅಧಿಕಾರಿ, ಕೂತಲ್ಲಿಂದ ಏಳದೆ, ಆ ಕಡೆ ತಿರುಗಿಯೂ ನೋಡದೆ. ಅದು ನನಗೆ ಇಷ್ಟವಾಯಿತು. ಕೊನೆಗೂ ಒತ್ತಿದರು. ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನಲ್ಲಿ ಒತ್ತಿದ ಚಿಹ್ನೆಯ ಚೀಟಿ ಏಳು ಸೆಕೆಂಡ್ ಕಾಣುತ್ತದೆ. ಮಾಯ್ ಅದು ಬೀಳುವ ತನಕ ಬಗ್ಗಿ ನೋಡಿ, ಉದ್ದನೆಯ ಬೀಪ್ ಕೇಳಿದ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಹೊರಬಂದರು.

ಆಮೇಲೆ ಮಗಳ ಸರದಿ. ಅವಳು ಬೇಗನೇ ಮುಗಿಸಿದಳು. ನನ್ನದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಹೋಗುವವರಿಗೆ ಸುಮ್ನೆ ಎರಡು ಮಾತು. ವೀಲ್‌ಚೇರ್ ಇದ್ದೇ ಇರುತ್ತದೆ, ಆದರೆ ಕೂರುವ ಜಾಗದ ರೆಕ್ಸಿನ್ ಸುಡುತ್ತದೆ, ಒಂದು ಟವೆಲ್ ಒಯ್ಯಿರಿ. ಮತದಾರರ ಚೀಟಿ ಬಂದಿದ್ದರೂ ಗುರುತಿನ ಕಾರ್ಡ್ ಬೇಕು, ಬರೀ ಚೀಟಿ ಸಾಲದು. ಎಪಿಕ್, ಅಂದರೆ ವೋಟರ್ ಕಾರ್ಡ್, ಸಿಗದಿದ್ದರೆ ಆಧಾರ್ ನಡೆಯುತ್ತದೆ, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್ಕೂ ನಡೆಯುತ್ತದೆ. ಶೌಚಾಲಯ ಕೇಳಬೇಡಿ. ಕೇಳಿದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ನಾಲ್ಕು ಜನ ನಾಲ್ಕು ಹೆಸರು ಹೇಳಿದರು.

ಮನೆಗೆ ಬಂದು ಅವಲಕ್ಕಿ ತಿನ್ನುವಾಗ ಮಗಳನ್ನು ಕೇಳಿಯೇಬಿಟ್ಟೆ, ಯಾರಿಗೆ ಹಾಕಿದೆ ಅಂತ. ‘ಗುಪ್ತ ಮತದಾನ ಮಮ್ಮಿ’ ಅಂದಳು. ಮಾಯ್ ಅವಳ ತಟ್ಟೆಗೆ ಇನ್ನೊಂದು ಚಮಚ ಸಕ್ಕರೆ ಹಾಕಿದರು. ಮೇ ತಿಂಗಳು ಮಾತೆ ಮರಿಯಳದ್ದು, ಆ ಸಂಜೆ ಜಪಸರಕ್ಕೆ ಎಲ್ಲರೂ ಕೂತೆವು. ಮೂವರ ಎಡಗೈ ತೋರುಬೆರಳಲ್ಲೂ ಮಣಿ ಸರಿಯುವಾಗ ಶಾಯಿ ಕಾಣುತ್ತಿತ್ತು. ಮಾಯ್‌ದು ಸ್ವಲ್ಪ ಜಾಸ್ತಿ ಹಚ್ಚಿದ್ದರು, ಉಗುರು ಪೂರ್ತಿ. ತಿಂಗಳ ಮೇಲಾದರೂ ಹೋಗಲಿಲ್ಲ.

ಫಾರ್ಮ್ 8ನ್ನು ಈ ಸಲ ನೆಟ್ ಸೆಂಟರಿಗೆ ಕೊಡಲಿಲ್ಲ. ಐವತ್ತು ರೂಪಾಯಿ ಉಳಿಸಿ ರಾತ್ರಿ ಕೂತು ನಾನೇ ಮೊಬೈಲಿನಲ್ಲಿ ತುಂಬಿದೆ, ಕನ್ನಡದ ಕಡೆಯನ್ನು ನಾಲ್ಕು ಸಲ ಓದಿದೆ. ಮೊನ್ನೆ ಹೊಸ ಕಾರ್ಡ್ ಬಂತು. ಮಗಳ ಹೆಸರು ಸರಿಯಾಗಿದೆ. ಅವಳ ಅಪ್ಪನ ಹೆಸರಿಗೆ ಒಂದು ದೀರ್ಘ ಜಾಸ್ತಿ ಬಿದ್ದಿದೆ. ಅದು ನನ್ನ ಬೆರಳಿನದೇ ಕೆಲಸ. ಅವರು ಇನ್ನೂ ನೋಡಿಲ್ಲ.